ಅಂಗಾಂಶ ಹಂದರಗಳಲ್ಲಿ ಪದರ ನ್ಯಾನೊವಸ್ತುಗಳು

ಒಂದು ಪರಮಾಣುವಿನಿಂದ ಹಿಡಿದು ಕೆಲವೇ ಪರಮಾಣುಗಳಷ್ಟು ದಪ್ಪವಿದ್ದು, ಉದ್ದಗಲದಲ್ಲಿ ಅದರ ಹತ್ತಾರು ಇಲ್ಲವೆ ನೂರಾರು ಪಟ್ಟು ಹರಡಿಕೊಂಡಿರುವ ಹಾಳೆಯಂಥ ವಸ್ತುಗಳಿಗೆ ಪದರ ನ್ಯಾನೊವಸ್ತುಗಳೆಂದು ಹೆಸರು. ಗ್ರಾಫೀನ್ ಮತ್ತು ಅದರ ಆಕ್ಸೈಡ್, ಜೇಡಿಮಣ್ಣಿನ ಖನಿಜಗಳು, ಪದರ ಜೋಡಿ ಹೈಡ್ರಾಕ್ಸೈಡುಗಳು, ಮಾಲಿಬ್ಡಿನಂ ಡೈಸಲ್ಫೈಡ್, ಕಪ್ಪು ರಂಜಕ, ಎಂಕ್ಸೀನುಗಳು ಈ ಬಳಗದವು. ಅಂಗಾಂಶ ಇಂಜಿನಿಯರಿಂಗ್ ಎಂಬುದು ಕಳೆದುಹೋದ ಮೂಳೆ, ಮೃದ್ವಸ್ಥಿ, ಚರ್ಮ, ನರ ಇತ್ಯಾದಿಗಳನ್ನು ಜೀವಕೋಶಗಳಿಂದಲೇ ಮತ್ತೆ ಬೆಳೆಸಿಕೊಳ್ಳುವ ವಿದ್ಯೆ. ಹೀಗೆ ಬೆಳೆಯುವ ಕೋಶಗಳಿಗೆ ಹಿಡಿದು ನಿಲ್ಲಲು ಒಂದು ತೂತುತೂತಾದ ತಾತ್ಕಾಲಿಕ ಚೌಕಟ್ಟು ಬೇಕು. ಪ್ರಯೋಗಾಲಯಗಳಲ್ಲಿ ಅದನ್ನು ಸ್ಕ್ಯಾಫೋಲ್ಡ್ ಎನ್ನುತ್ತಾರೆ; ಈ ಲೇಖನದಲ್ಲಿ ಹಂದರ ಎಂದು ಕರೆಯಲಾಗಿದೆ. ಹೀರೆಬಳ್ಳಿಗೆ ಹಾಕಿದ ಹಂದರದ ಹಾಗೆಯೇ ಇದಕ್ಕೂ ಬಳ್ಳಿಯನ್ನು ಹೊರುವ ಕೆಲಸವಿದೆ; ವ್ಯತ್ಯಾಸವೆಂದರೆ ಬಳ್ಳಿ ಬಲಿತಂತೆ ಈ ಹಂದರ ತಾನೇ ಕರಗಿ ಹೋಗಬೇಕು. ಇಂಥ ಹಂದರದ ಪಾಲಿಮರಿಗೆ ನೂರಕ್ಕೆ ಒಂದೆರಡು ಪಾಲು ಪದರ ನ್ಯಾನೊವಸ್ತು ಬೆರೆಸಿದರೆ ಅದರ ಬಲವೂ ಕೋಶಗಳ ವರ್ತನೆಯೂ ಬದಲಾಗುತ್ತವೆ. ಕಳೆದ ಎರಡು ದಶಕಗಳ ಸಂಶೋಧನೆಯ ತಿರುಳು ಇದು. ಬೆಂಗಳೂರಿನ ಪ್ರಯೋಗಾಲಯಗಳಿಗೆ ಇದರಲ್ಲಿ ಗಮನಾರ್ಹ ಪಾಲಿದೆ.

ಪದರಗಳ ಗುಣ

ಕಾಗೆಬಂಗಾರದ ಚೂರನ್ನು ಉಗುರಿನಿಂದ ಎಳೆ ಎಳೆಯಾಗಿ ಸುಲಿದವರಿಗೆ ಈ ವಸ್ತುಗಳ ಮೂಲಗುಣ ಗೊತ್ತೇ ಇದೆ. ಪದರದ ಒಳಗೆ ಪರಮಾಣುಗಳ ಬಂಧ ಬಿಗಿ, ಪದರ ಪದರಗಳ ನಡುವೆ ಸಡಿಲ. ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಹಲಗೆಯ ಮೇಲೆ ಗೀರು ಬಿಡುವುದೂ ಪೆನ್ಸಿಲಿನ ಗ್ರಾಫೈಟು ಕಾಗದದ ಮೇಲೆ ಕಪ್ಪಾಗಿ ಉಳಿಯುವುದೂ ಈ ಸಡಿಲಿನಿಂದಲೇ. ಮೈಸೂರು ಜಿಲ್ಲೆಯ ಪಶ್ಚಿಮದ ನೆಲದಲ್ಲಿ ಇಂಥ ಖನಿಜಗಳಿಗೆ ಬರವಿಲ್ಲ. ಹಿಂದೆ ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ) ತಾಲ್ಲೂಕಿಗೆ ಸೇರಿದ್ದ ಸರಗೂರಿನ ಹೆಸರು ಭೂವಿಜ್ಞಾನದಲ್ಲಿ ಶಾಶ್ವತವಾಗಿ ನಿಂತಿದೆ: 300 ಕೋಟಿ ವರ್ಷಕ್ಕೂ ಹಿಂದಿನ ಶಿಲೆಗಳ ಒಂದು ಸಮೂಹವನ್ನು ಸರಗೂರು ಗುಂಪು ಎಂದೇ ಕರೆಯುತ್ತಾರೆ. ಅದರ ಶಿಸ್ಟ್ ಕಲ್ಲುಗಳಲ್ಲಿ ಕಯನೈಟಿನ ಜೊತೆಗೆ ಗ್ರಾಫೈಟು ಕಾಣಿಸುತ್ತದೆ. ಪ್ರಯೋಗಾಲಯಗಳು ಬಳಸುವುದು ಶುದ್ಧೀಕರಿಸಿದ ಗ್ರಾಫೈಟನ್ನು; ಆದರೂ ವಸ್ತು ಅದೇ.

ಗ್ರಾಫೈಟಿನ ಒಂದು ಪದರಕ್ಕೂ ಮುಂದಿನದಕ್ಕೂ ನಡುವಿನ ಅಂತರ 0.335 ನ್ಯಾನೊಮೀಟರ್. ಒಂದೊಂದಾಗಿ ಬಿಡಿಸಿದ ಪದರವೇ ಗ್ರಾಫೀನ್. ಒಂದು ಗ್ರಾಂ ಗ್ರಾಫೀನನ್ನು ಪೂರ್ತಿ ಬಿಡಿಸಿ ಎರಡೂ ಮುಖಗಳನ್ನು ಲೆಕ್ಕ ಹಿಡಿದರೆ ಸುಮಾರು 2,630 ಚದರ ಮೀಟರ್ ಮೇಲ್ಮೈ ಸಿಗುತ್ತದೆ, ಅಂದರೆ 26 ಗುಂಟೆ ಜಮೀನು. ಜೀವಕೋಶಕ್ಕೂ ಪ್ರೋಟೀನಿಗೂ ಔಷಧದ ಅಣುವಿಗೂ ಬಂದು ಕೂರಲು ಬೇಕಾದ್ದು ಮೇಲ್ಮೈ. ಅದೇ ತೂಕದ ಉಂಡೆಯಾಕಾರದ ಪುಡಿಗಿಂತ ಹಾಳೆಯಾಕಾರದ ಪುಡಿ ಹೆಚ್ಚು ಕೆಲಸ ಮಾಡುವುದಕ್ಕೆ ಮೊದಲ ಕಾರಣ ಇದು. ಎರಡನೆಯದು ಬಲ. 2008ರಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಅಳೆದಾಗ ಗ್ರಾಫೀನಿನ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 1,000 ಗಿಗಾಪ್ಯಾಸ್ಕಲ್ ಎಂದು ತಿಳಿಯಿತು. ನಮ್ಮ ತೊಡೆಮೂಳೆಯ ಗಟ್ಟಿ ಹೊರಭಾಗದ್ದು 10ರಿಂದ 20. ಹಂದರ ಮಾಡಲು ಹೆಚ್ಚಾಗಿ ಬಳಸುವ ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪಾಲಿಮರಿನದ್ದು ಒಂದರ ಅರ್ಧವೂ ಇಲ್ಲ. ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬೆರಕೆಯ ಯೋಚನೆ ಯಾಕೆ ಹುಟ್ಟಿತೆಂದು ಬೇರೆ ಹೇಳಬೇಕಿಲ್ಲ.

ಹಂದರ ಎಂದರೆ ಏನಿರಬೇಕು

ಅಂಗಾಂಶ ಇಂಜಿನಿಯರಿಂಗಿಗೆ ಒಂದು ಶಾಸ್ತ್ರದ ರೂಪ ಬಂದದ್ದು 1993ರಲ್ಲಿ, ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನದಿಂದ. ಕೆಲವೇ ವರ್ಷಗಳಲ್ಲಿ, ಬೆನ್ನ ಮೇಲೆ ಮನುಷ್ಯನ ಕಿವಿ ಮೂಡಿದ ಇಲಿಯ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಕಿವಿಯಾಕಾರದ ಪಾಲಿಮರ್ ಹಂದರಕ್ಕೆ ಹಸುವಿನ ಮೃದ್ವಸ್ಥಿಯ ಕೋಶಗಳನ್ನು ಹಾಕಿ ಇಲಿಯ ಚರ್ಮದಡಿ ಇಟ್ಟಿದ್ದರು. ಅದರಲ್ಲಿ ಮನುಷ್ಯನದೆಂಬುದು ಆಕಾರ ಮಾತ್ರ. ಜನರಲ್ಲಿ ಆ ಚಿತ್ರ ಹುಟ್ಟಿಸಿದ ನಿರೀಕ್ಷೆಗೂ ಆಸ್ಪತ್ರೆಯ ವಾಸ್ತವಕ್ಕೂ ಇರುವ ಅಂತರ ಇನ್ನೂ ಮುಚ್ಚಿಲ್ಲ.

ಒಳ್ಳೆಯ ಹಂದರದ ಷರತ್ತುಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ರಕ್ತನಾಳದಿಂದ 100ರಿಂದ 200 ಮೈಕ್ರೊಮೀಟರಿಗಿಂತ ದೂರವಿರುವ ಕೋಶಕ್ಕೆ ಆಮ್ಲಜನಕ ಸಾಕಾಗುವುದಿಲ್ಲ. ಹಾಗಾಗಿ ನಾಳಗಳು ನುಗ್ಗಿ ಬರಲು ದೊಡ್ಡ ರಂಧ್ರಗಳು ಬೇಕು. ಮೂಳೆಗಾದರೆ ಅವು ಕನಿಷ್ಠ 100 ಮೈಕ್ರೊಮೀಟರ್ ಅಗಲವಿರಬೇಕು, 300 ದಾಟಿದರೆ ಇನ್ನೂ ಮೇಲು. ರಂಧ್ರ ಹೆಚ್ಚಿದಷ್ಟೂ ಹಂದರ ದುರ್ಬಲ. ಬೇಗ ಕರಗಿದರೆ ಮೂಳೆ ಬಲಿಯುವ ಮೊದಲೇ ಕುಸಿಯುತ್ತದೆ. ತಡವಾದರೆ ಹೊಸ ಮೂಳೆಗೆ ಅಡ್ಡಿ. ಇದರ ಮೇಲೆ ಹಂದರದ ಗಡಸುತನವೇ ಆಕರಕೋಶದ, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಮಾರ್ಪಡಬಲ್ಲ ಮೂಲಕೋಶದ, ಹಣೆಬರಹ ಬರೆಯುತ್ತದೆಂದು 2006ರಲ್ಲಿ ಆಡಂ ಎಂಗ್ಲರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು: ಮೆತ್ತನೆಯ ಹಾಸಿನ ಮೇಲೆ ಅದು ನರಕೋಶದ ಕಡೆಗೆ, ಇನ್ನೂ ಸ್ವಲ್ಪ ಬಿಗಿಯಾದರೆ ಸ್ನಾಯುವಿನ ಕಡೆಗೆ, ಗಡಸಾದರೆ ಮೂಳೆಯ ಕಡೆಗೆ ತಿರುಗುತ್ತದೆ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಅಗ್ಗ, ಸುಮಾರು 60 ಡಿಗ್ರಿ ಶಾಖಕ್ಕೆ ಕರಗುವುದರಿಂದ ಬೇಕಾದ ಆಕಾರಕ್ಕೆ ಎರೆಯಬಹುದು, ದೇಹದಲ್ಲಿ ಎರಡು ಮೂರು ವರ್ಷದಲ್ಲಿ ಕರಗುತ್ತದೆ. ಆದರೆ ಅದು ನೀರನ್ನು ದೂರವಿಡುವ, ಕೋಶಗಳೊಡನೆ ಮಾತೇ ಆಡದ ವಸ್ತು. ಪದರ ನ್ಯಾನೊವಸ್ತು ಇಲ್ಲಿ ಕಾಲಿಡುತ್ತದೆ.

ಗ್ರಾಫೀನ್

ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ 2004ರಲ್ಲಿ ಗ್ರಾಫೈಟಿನ ಮೇಲೆ ಅಂಟುಪಟ್ಟಿ ಒತ್ತಿ ಎಳೆದು ಒಂಟಿ ಪದರ ಬಿಡಿಸಿದ ಕತೆ ಪ್ರಸಿದ್ಧ. 2010ರ ನೊಬೆಲ್ ಅವರಿಗೆ ಸಂದಿತು. ಹಂದರ ಮಾಡುವವರಿಗೆ ಆ ದಾರಿ ಉಪಯೋಗವಿಲ್ಲ, ಅವರಿಗೆ ಗ್ರಾಂಗಟ್ಟಲೆ ಬೇಕು. ಅವರು ಹಿಡಿಯುವುದು ಹಮ್ಮರ್ಸ್ ಮತ್ತು ಆಫಮನ್ 1958ರಲ್ಲಿ ಪ್ರಕಟಿಸಿದ ವಿಧಾನವನ್ನು. ಗ್ರಾಫೈಟನ್ನು ಗಂಧಕಾಮ್ಲದಲ್ಲಿ ಪೊಟಾಸಿಯಂ ಪರ್ಮಾಂಗನೇಟಿನೊಡನೆ ಉತ್ಕರ್ಷಿಸಿದರೆ ಪದರಗಳಿಗೆ ಆಮ್ಲಜನಕದ ಗುಂಪುಗಳು ಅಂಟಿಕೊಂಡು ಅವು ದೂರ ಸರಿಯುತ್ತವೆ, ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತವೆ. ಇದು ಗ್ರಾಫೀನ್ ಆಕ್ಸೈಡ್. ಆಮ್ಲಜನಕವನ್ನು ಬಹುಪಾಲು ಕಿತ್ತು ಹಾಕಿದರೆ ಅಪಕರ್ಷಿತ ಗ್ರಾಫೀನ್ ಆಕ್ಸೈಡ್. ಆ ಕೆಲಸಕ್ಕೆ ವಿಟಮಿನ್ ಸಿ ಕೂಡ ಆದೀತು. ಹೆಸರಿನಲ್ಲಿ ಅಣ್ಣತಮ್ಮಂದಿರಾದರೂ ಮೊದಲನೆಯದು ನೀರನ್ನು ಬಯಸುತ್ತದೆ, ಎರಡನೆಯದು ಹಿಂಜರಿಯುತ್ತದೆ. ಗ್ರಾಫೀನ್ ಮೂಳೆಗೆ ಒಳ್ಳೆಯದು ಎಂಬ ಒಂದೇ ಸಾಲಿನ ಸುದ್ದಿ ಓದುವಾಗ ಯಾವ ಗ್ರಾಫೀನ್ ಎಂದು ಕೇಳದಿದ್ದರೆ ಆ ಸುದ್ದಿಗೆ ಅರ್ಥವಿಲ್ಲ.

2011ರಲ್ಲಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದಿಂದ ಬಂದ ಎರಡು ಪ್ರಬಂಧಗಳು ಈ ಕ್ಷೇತ್ರಕ್ಕೆ ಕಿಡಿ ಹಚ್ಚಿದವು. ಗ್ರಾಫೀನಿನ ಹಾಸಿನ ಮೇಲೆ ಮನುಷ್ಯನ ಅಸ್ಥಿಮಜ್ಜೆಯ ಆಕರಕೋಶಗಳು ಮೂಳೆಕೋಶಗಳಾಗಿ ಬೇಗ ಮಾರ್ಪಟ್ಟವು ಎಂದಿತು ಒಂದು. ಯಾಕೆ ಎಂಬುದನ್ನು ಹುಡುಕಿತು ಇನ್ನೊಂದು, ಅದರ ಉತ್ತರವೇ ಹೆಚ್ಚು ಸ್ವಾರಸ್ಯದ್ದು. ಮೂಳೆಯ ಕಡೆಗೆ ಕೋಶಗಳನ್ನು ತಿರುಗಿಸಲು ದ್ರವದಲ್ಲಿ ಡೆಕ್ಸಾಮೆಥಸೋನಿನಂಥ ರಾಸಾಯನಿಕ ಹಾಕುತ್ತಾರೆ. ಗ್ರಾಫೀನಿನ ಮುಖ ಅದನ್ನು ತನ್ನತ್ತ ಎಳೆದು ಶೇಖರಿಸಿಕೊಳ್ಳುತ್ತದೆ, ಕೋಶ ಕೂತ ಜಾಗದಲ್ಲೇ ಅದರ ಸಾಂದ್ರತೆ ಏರುತ್ತದೆ. ಕೊಬ್ಬಿನ ಕೋಶವಾಗಲು ಬೇಕಾದ ಇನ್ಸುಲಿನ್ ಅದೇ ಗ್ರಾಫೀನಿಗೆ ಅಂಟಿ ತನ್ನ ಮಡಿಕೆಯ ಆಕಾರ ಕೆಟ್ಟು ನಿರುಪಯೋಗಿಯಾಗುತ್ತದೆ. ಗ್ರಾಫೀನ್ ಆಕ್ಸೈಡಿನ ಮೇಲೆ ಇನ್ಸುಲಿನ್ ಅಷ್ಟು ಕೆಡದ ಕಾರಣ ಅಲ್ಲಿ ಕೊಬ್ಬಿನ ಕೋಶಗಳೂ ಬೆಳೆದವು. ಹಾಳೆ ಕೋಶಕ್ಕೆ ನೇರವಾಗಿ ಏನನ್ನೋ ಹೇಳುವುದಕ್ಕಿಂತ, ಕೋಶದ ಸುತ್ತಲ ಅಣುಗಳನ್ನು ಆಯ್ದು ಜೋಡಿಸುತ್ತದೆ ಎಂಬುದು ಇದರಿಂದ ತಿಳಿದ ಸಂಗತಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಸ್ತು ಇಂಜಿನಿಯರಿಂಗ್ ವಿಭಾಗದಲ್ಲಿ ಕೌಶಿಕ್ ಚಟರ್ಜಿಯವರ ತಂಡ ಕೈಗೆತ್ತಿಕೊಂಡದ್ದು ಪಾಲಿಮರಿನೊಳಗೆ ಸೇರಿದ ಗ್ರಾಫೀನನ್ನು. 2015ರಲ್ಲಿ ಅವರು ಗ್ರಾಫೀನ್ ಆಕ್ಸೈಡ್, ಅದರ ಅಪಕರ್ಷಿತ ರೂಪ ಮತ್ತು ಅಮೈನ್ ಗುಂಪು ಜೋಡಿಸಿದ ರೂಪ ಮೂರನ್ನೂ ಪಾಲಿಕ್ಯಾಪ್ರೊಲ್ಯಾಕ್ಟೋನಿನಲ್ಲಿ ಬೆರೆಸಿ ಹೋಲಿಸಿದರು. ಆಮ್ಲಜನಕ, ಸಾರಜನಕ ಎರಡೂ ಗುಂಪುಗಳಿರುವ ಅಮೈನ್ ರೂಪ ಗೆದ್ದಿತು: ಆಕರಕೋಶಗಳು ಮೂಳೆಯಾಗುವುದು ಹೆಚ್ಚಿತು, ಬ್ಯಾಕ್ಟೀರಿಯಗಳ ಲೋಳೆಪದರ ಕಟ್ಟುವುದು ಕಡಿಮೆಯಾಯಿತು. ಮೂಳೆಯ ಒಳಗೆ ಇಡುವ ಯಾವುದೇ ಸಾಧನಕ್ಕೆ ಸೋಂಕು ದೊಡ್ಡ ಶತ್ರುವಾದ್ದರಿಂದ ಎರಡನೆಯ ಗುಣದ ಬೆಲೆ ಮೊದಲನೆಯದಕ್ಕಿಂತ ಕಡಿಮೆಯೇನಲ್ಲ. ಅದೇ ವರ್ಷ ಇನ್ನೊಂದು ಪ್ರಯೋಗದಲ್ಲಿ ಅಪಕರ್ಷಿತ ಗ್ರಾಫೀನ್ ಆಕ್ಸೈಡಿನ ಹಾಳೆಗಳ ಮೇಲೆ ಸ್ಟ್ರಾನ್ಷಿಯಮ್ಮಿನ ಸಣ್ಣ ಕಣಗಳನ್ನು ಕೂರಿಸಿ ರಂಧ್ರಮಯ ಹಂದರ ಮಾಡಿದರು. ಹಂದರದಿಂದ ಸ್ಟ್ರಾನ್ಷಿಯಂ ನಿಧಾನವಾಗಿ ಹೊರಬಂದು ಮೂಳೆಕೋಶಗಳ ಕೆಲಸವನ್ನು ಚುರುಕುಗೊಳಿಸಿತು.

ಈ ತಂಡದ ಕೆಲಸಗಳಲ್ಲಿ ಹೆಚ್ಚು ಪಾಠ ಕಲಿಸುವುದು ಮಾತ್ರ ಬೇರೊಂದು, 2016ರಲ್ಲಿ ಪ್ರಕಟವಾದದ್ದು. ಅಲ್ಲಿ ಗೆಲುವಿಗಿಂತ ಎಚ್ಚರಿಕೆ ಹೆಚ್ಚು. ಒಂದೇ ಬೆರಕೆಯಿಂದ ಒಂದು ಕಡೆ ಚಪ್ಪಟೆ ಬಿಲ್ಲೆಗಳನ್ನು, ಇನ್ನೊಂದು ಕಡೆ ರಂಧ್ರಮಯ ಹಂದರಗಳನ್ನು ಮಾಡಿ ಮೂಳೆಕೋಶಗಳನ್ನು ಬೆಳೆಸಿದರು. ಗ್ರಾಫೀನಿನ ಪಾಲು ನೂರಕ್ಕೆ ಒಂದು. ಚಪ್ಪಟೆ ಬಿಲ್ಲೆಯ ಮೇಲೆ ಬರಿಯ ಪಾಲಿಮರಿಗಿಂತ ಗ್ರಾಫೀನ್ ಆಕ್ಸೈಡಿನ ಬೆರಕೆಯಲ್ಲಿ ಕೋಶಗಳು ಶೇ. 15ರಷ್ಟು ಹೆಚ್ಚು ಬೆಳೆದವು, ಅಪಕರ್ಷಿತ ರೂಪದಲ್ಲಿ ಶೇ. 17ರಷ್ಟು ಕುಗ್ಗಿದವು. ಹಂದರದೊಳಗೆ ಲೆಕ್ಕವೇ ತಲೆಕೆಳಗಾಯಿತು: ಆರಂಭದ ಬೆಳವಣಿಗೆ ಎರಡರಲ್ಲೂ ಇಳಿಯಿತು, ಗ್ರಾಫೀನ್ ಆಕ್ಸೈಡಿನಲ್ಲಿ ಶೇ. 36, ಅಪಕರ್ಷಿತ ರೂಪದಲ್ಲಿ ಶೇ. 55. ಹೊರಚಾಚಿದ ಹಾಳೆಗಳು ಗೋಡೆಗಳನ್ನು ಒರಟಾಗಿಸಿದ್ದು ಅದಕ್ಕೆ ಕಾರಣ. ಆದರೆ ಹಂದರದಲ್ಲಿ ಕೋಶಗಳು ಚದುರಿ ಹರಡದೆ ಗುಂಪುಗೂಡಿದವು, ಪರಸ್ಪರ ಸಂಪರ್ಕ ಹೆಚ್ಚಿತು, ಕೊನೆಗೆ ಖನಿಜ ಕೂಡಿಕೊಂಡದ್ದು ಚಪ್ಪಟೆ ಬಿಲ್ಲೆಗಿಂತ ಹಂದರದಲ್ಲೇ ಬಹಳ ಹೆಚ್ಚು. ಗಾಜಿನ ತಟ್ಟೆಯ ಮೇಲಿನ ಫಲಿತಾಂಶ ಹಿಡಿದು ಹಂದರದ ಬಗ್ಗೆ ಭವಿಷ್ಯ ನುಡಿಯುವ ಅಭ್ಯಾಸ ಈ ಕ್ಷೇತ್ರದಲ್ಲಿ ಇನ್ನೂ ಹೋಗಿಲ್ಲ. ಈ ಒಂದು ಪ್ರಬಂಧವನ್ನು ಓದಿದವರು ಹಾಗೆ ಮಾಡಲಾರರು.

ಗ್ರಾಫೀನ್ ಮತ್ತು ಅದರಂಥ ಅಜೈವಿಕ ಹಾಳೆಗಳ ರಸಾಯನಶಾಸ್ತ್ರಕ್ಕೆ ನಮ್ಮಲ್ಲಿ ನೆಲೆ ಒದಗಿಸಿದವರು ಸಿ.ಎನ್.ಆರ್. ರಾವ್. 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದ ಅವರು ಮುಂದೆ 1989ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಅವರ ಆಸಕ್ತಿ ಹಂದರದ್ದಲ್ಲ. ಆದರೆ ಹಾಳೆಗಳನ್ನು ತಯಾರಿಸುವ, ಬಿಡಿಸುವ, ಗುರುತಿಸುವ ವಿದ್ಯೆಯಲ್ಲಿ ಪಳಗಿದ ಒಂದು ಪೀಳಿಗೆ ಅಲ್ಲಿ ತಯಾರಾಯಿತು.

ಜೇಡಿಯ ಹಾಳೆಗಳು

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ, ಹುಣಸೂರಿನ ಕೆಂಪು ಮಣ್ಣು ಮಳೆಗೆ ನೆನೆದರೂ ಬಿಸಿಲಿಗೆ ಒಣಗಿದರೂ ಹೆಚ್ಚೇನೂ ಉಬ್ಬಿ ಕುಗ್ಗುವುದಿಲ್ಲ. ಬಯಲುಸೀಮೆಯ ಎರೆಮಣ್ಣು ನೆನೆದರೆ ಉಬ್ಬುತ್ತದೆ, ಬೇಸಗೆಯಲ್ಲಿ ಕಾಲು ಹೂತುಹೋಗುವಷ್ಟು ಬಿರುಕು ಬಿಡುತ್ತದೆ. ಕೆಂಪು ಮಣ್ಣಿನ ಮುಖ್ಯ ಜೇಡಿಖನಿಜ ಕಯೋಲಿನೈಟ್. ಅದರ ಪದರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಬಳಗದ್ದು ಹೆಚ್ಚು. ಅದರ ಪದರಗಳು ಋಣವಿದ್ಯುತ್ತು ಹೊತ್ತಿದ್ದು ನಡುವೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳನ್ನು ಇಟ್ಟುಕೊಂಡಿರುತ್ತವೆ, ಆ ಸಂದಿಗೆ ನೀರು ನುಗ್ಗುತ್ತದೆ. ರೈತನಿಗೆ ತಲೆನೋವಾದ ಈ ಸಂದಿಯೇ ಹಂದರ ಮಾಡುವವನಿಗೆ ಬಂಡವಾಳ. ನೀರು ನುಗ್ಗುವಲ್ಲಿ ಪಾಲಿಮರಿನ ಎಳೆಯನ್ನೂ ಅಮೈನೊ ಆಮ್ಲವನ್ನೂ ಔಷಧವನ್ನೂ ನುಗ್ಗಿಸಬಹುದು. ಸುಮಾರು ಒಂದು ನ್ಯಾನೊಮೀಟರ್ ದಪ್ಪದ ಇಂಥ ಹಾಳೆಗಳನ್ನು ನೈಲಾನಿನಲ್ಲಿ ಬಿಡಿಸಿ ಬಲಪಡಿಸುವ ಕೆಲಸವನ್ನು 1980ರ ದಶಕದ ಕೊನೆಯಲ್ಲಿ ಜಪಾನಿನ ಟೊಯೊಟಾ ಪ್ರಯೋಗಾಲಯ ಮಾಡಿ ತೋರಿಸಿತ್ತು. ಕಾರಿನ ಭಾಗಗಳಿಗೆಂದು ಹುಟ್ಟಿದ ಆ ವಿದ್ಯೆ ಮೂಳೆಗೆ ದಾಟಲು ಹೆಚ್ಚು ಕಾಲ ಬೇಕಾಗಲಿಲ್ಲ.

ದಾಟಿಸಿದವರಲ್ಲಿ ಅಮೆರಿಕದ ನಾರ್ತ್ ಡಕೋಟ ರಾಜ್ಯ ವಿಶ್ವವಿದ್ಯಾನಿಲಯದ ಕಲ್ಪನಾ ಕಟ್ಟಿ ಮತ್ತು ದಿನೇಶ್ ಕಟ್ಟಿ ಮುಖ್ಯರು. ಅವರು ಮೊದಲು ಅಧ್ಯಯನ ಮಾಡಿದ್ದು ಮುತ್ತಿನ ಚಿಪ್ಪಿನ ಒಳಮೈಯನ್ನು. ಅದರಲ್ಲಿ ಶೇ. 95ರಷ್ಟು ಸುಣ್ಣದ ಖನಿಜ, ಉಳಿದದ್ದು ಪದರಗಳ ನಡುವಿನ ಜೈವಿಕ ಅಂಟು. ಆದರೂ ಬರಿಯ ಖನಿಜಕ್ಕಿಂತ ಎಷ್ಟೋ ಪಟ್ಟು ಗಟ್ಟಿ. ಖನಿಜದ ತಟ್ಟೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದು ಅದರ ಗುಟ್ಟು ಎಂದು 2005ರಲ್ಲಿ ಅವರು ವಾದಿಸಿದರು. ನಂತರ ಅಮೈನೊ ಆಮ್ಲ ತೂರಿಸಿದ ಜೇಡಿಯ ಸಂದಿಗಳಲ್ಲೇ ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್ ಬೆಳೆಸಿ, ಅದನ್ನು ಪಾಲಿಮರಿಗೆ ಸೇರಿಸಿ ಹಂದರ ಮಾಡಿದರು. ಮೂಳೆಯ ಖನಿಜವೂ ಕೆಲವೇ ನ್ಯಾನೊಮೀಟರ್ ದಪ್ಪದ ತಟ್ಟೆಗಳಾಗಿ ಕೊಲಾಜನ್ ಎಳೆಗಳ ನಡುವೆ ಜೋಡಣೆಯಾಗಿರುವಂಥದ್ದು ಎಂಬುದನ್ನು ನೆನೆದರೆ ಈ ದಾರಿ ಸಹಜವಾಗಿ ತೋರುತ್ತದೆ.

ಜೇಡಿಗಳಲ್ಲಿ ಈಚೆಗೆ ಹೆಚ್ಚು ಬಳಕೆಯಲ್ಲಿರುವುದು ಲ್ಯಾಪೊನೈಟ್ ಎಂಬ ಕೃತಕ ಜೇಡಿ. ಸೋಡಿಯಂ, ಮೆಗ್ನೀಸಿಯಂ, ಲಿಥಿಯಂ ಸೇರಿದ ಸಿಲಿಕೇಟು ಅದು. ಸುಮಾರು 25 ನ್ಯಾನೊಮೀಟರ್ ಅಗಲ, ಒಂದು ನ್ಯಾನೊಮೀಟರ್ ದಪ್ಪದ ದುಂಡು ಬಿಲ್ಲೆಗಳು. ಬಿಲ್ಲೆಯ ಮುಖಗಳಲ್ಲಿ ಋಣವಿದ್ಯುತ್ತು, ಅಂಚಿನಲ್ಲಿ ಧನವಿದ್ಯುತ್ತು. ಒಂದರ ಅಂಚು ಇನ್ನೊಂದರ ಮುಖಕ್ಕೆ ಅಂಟಿ ನೀರಿನಲ್ಲಿ ಇಸ್ಪೀಟಿನ ಮನೆ ಕಟ್ಟುತ್ತವೆ, ನೀರು ಮುದ್ದೆಯಾಗುತ್ತದೆ. ಒತ್ತಿದರೆ ಮನೆ ಕುಸಿದು ದ್ರವ, ಒತ್ತಡ ಬಿಟ್ಟರೆ ಮತ್ತೆ ಮುದ್ದೆ. ಸೂಜಿಯ ಮೂಲಕ ದೇಹಕ್ಕೆ ಚುಚ್ಚಲು, ಮೂರು ಆಯಾಮದ ಮುದ್ರಣಯಂತ್ರದಲ್ಲಿ ಹಂದರವನ್ನು ಎಳೆ ಎಳೆಯಾಗಿ ಹಾಕಲು ಇದಕ್ಕಿಂತ ಅನುಕೂಲದ ಗುಣ ಬೇರೆ ಸಿಗುವುದಿಲ್ಲ. 2013ರಲ್ಲಿ ಅಖಿಲೇಶ್ ಗಹರ್ವಾರ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೂಳೆಯತ್ತ ತಿರುಗಿಸುವ ಯಾವ ಔಷಧವನ್ನೂ ಹಾಕದೆ, ಬರಿಯ ಈ ಬಿಲ್ಲೆಗಳಿಂದಲೇ ಮನುಷ್ಯನ ಆಕರಕೋಶಗಳು ಮೂಳೆಯತ್ತ ತಿರುಗಿದವು. ಬಿಲ್ಲೆ ಕರಗಿದಾಗ ಬಿಡುಗಡೆಯಾಗುವ ಸಿಲಿಸಿಕ್ ಆಮ್ಲ, ಮೆಗ್ನೀಸಿಯಂ, ಲಿಥಿಯಮ್ಮುಗಳೇ ಸಂಕೇತವಾಗಿ ಕೆಲಸ ಮಾಡುತ್ತವೆಂದು ಊಹೆ. ದುಬಾರಿ ಬೆಳವಣಿಗೆ ಪ್ರೋಟೀನುಗಳಿಗೆ ಅಗ್ಗದ ಬದಲಿ ಸಿಕ್ಕೀತೆಂಬ ಆಸೆಗೆ ಇದೇ ಆಧಾರ. ಗ್ರಾಫೀನಿಗೆ ಸಿಗುವ ಪ್ರಚಾರದಲ್ಲಿ ಹತ್ತನೇ ಒಂದು ಪಾಲೂ ಜೇಡಿಗೆ ಸಿಗದಿದ್ದರೂ, ರೋಗಿಯ ದೇಹಕ್ಕೆ ಮೊದಲು ತಲುಪುವ ಸಾಧ್ಯತೆ ಜೇಡಿಗೇ ಹೆಚ್ಚು ಎಂದು ತೋರುತ್ತದೆ. ಅದು ಕರಗುತ್ತದೆ, ಕರಗಿದ ಮೇಲೆ ಉಳಿಯುವುದು ದೇಹಕ್ಕೆ ಪರಿಚಿತವಾದ ಅಂಶಗಳು.

ಜಕ್ಕೂರಿನ ನೆಹರೂ ಕೇಂದ್ರದಲ್ಲಿ ಎಂ. ಈಶ್ವರಮೂರ್ತಿಯವರ ತಂಡ ಅಮೈನೊಜೇಡಿ ಎಂಬ ಕೃತಕ ಪದರ ವಸ್ತುವಿನ ಮೇಲೆ ಬಹುಕಾಲ ಕೆಲಸ ಮಾಡಿದೆ. ಮೆಗ್ನೀಸಿಯಂ ಸಿಲಿಕೇಟಿನ ಪದರಕ್ಕೆ ಎರಡೂ ಕಡೆ ಅಮೈನ್ ಸರಪಳಿಗಳು ಅಂಟಿರುವ ಇದು ನೀರಿನಲ್ಲಿ ಸುಲಭವಾಗಿ ಬಿಡಿಸಿಕೊಂಡು ಧನವಿದ್ಯುತ್ತಿನ ಹಾಳೆಗಳಾಗುತ್ತದೆ. ಸಹಜ ಜೇಡಿಯ ಹಾಳೆ ಋಣ, ಇದು ಧನ. ಡಿಎನ್‌ಎ, ಪ್ರೋಟೀನುಗಳಂಥ ಋಣವಿದ್ಯುತ್ತಿನ ಜೈವಿಕ ಅಣುಗಳು ಇದಕ್ಕೆ ತಾವಾಗಿ ಅಂಟುತ್ತವೆ.

ಜೋಡಿ ಹೈಡ್ರಾಕ್ಸೈಡುಗಳು ಮತ್ತು ಉಳಿದವು

ಹೊಟ್ಟೆಯುರಿಗೆ ಕೊಡುವ ಕೆಲವು ಔಷಧಗಳಲ್ಲಿ ಹೈಡ್ರೊಟಾಲ್ಸೈಟ್ ಇರುತ್ತದೆ. 1842ರಿಂದ ಪರಿಚಿತವಾದ ಈ ಖನಿಜವೇ ಪದರ ಜೋಡಿ ಹೈಡ್ರಾಕ್ಸೈಡುಗಳ ಮೂಲಪುರುಷ. ಮೆಗ್ನೀಸಿಯಂ ಹೈಡ್ರಾಕ್ಸೈಡಿನ ಪದರದಲ್ಲಿ ಕೆಲವು ಮೆಗ್ನೀಸಿಯಂ ಪರಮಾಣುಗಳ ಜಾಗಕ್ಕೆ ಅಲ್ಯೂಮಿನಿಯಂ ಬಂದು ಕೂತರೆ ಪದರ ಧನವಿದ್ಯುತ್ತು ಪಡೆಯುತ್ತದೆ, ಅದನ್ನು ಸರಿದೂಗಿಸಲು ಸಂದಿಯಲ್ಲಿ ಕಾರ್ಬೊನೇಟಿನಂಥ ಋಣ ಅಯಾನುಗಳು ಸೇರುತ್ತವೆ. ಕಾರ್ಬೊನೇಟಿನ ಜಾಗಕ್ಕೆ ಉರಿಯೂತ ಇಳಿಸುವ ಔಷಧವನ್ನೋ ಡಿಎನ್‌ಎ ತುಂಡನ್ನೋ ಹಾಕಬಹುದು. ಆಮ್ಲೀಯ ಪರಿಸರದಲ್ಲಿ ಪದರ ಕರಗಿ ಸಾಮಾನು ಬಿಡುಗಡೆಯಾಗುತ್ತದೆ. ಗಾಯವಾಗಿ ಊದಿಕೊಂಡ ಜಾಗ ಸ್ವಲ್ಪ ಆಮ್ಲೀಯವಾಗಿರುವುದರಿಂದ ಬೇಕಾದಲ್ಲೇ ಬಿಡುಗಡೆ ಹೆಚ್ಚು. ಜೊತೆಗೆ ಹೊರಬರುವ ಮೆಗ್ನೀಸಿಯಂ ಮೂಳೆಗೆ ಬೇಕಾದದ್ದೇ.

ಈ ವಸ್ತುಗಳ ಮೂಲಭೂತ ಅಧ್ಯಯನದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಹೆಸರು ಜಗತ್ತಿನ ತಜ್ಞರಿಗೆ ಪರಿಚಿತ. ಅಲ್ಲಿ ಪಿ. ವಿಷ್ಣು ಕಾಮತ್ ಮತ್ತು ಅವರ ವಿದ್ಯಾರ್ಥಿಗಳು ಪದರಗಳು ಒಂದರ ಮೇಲೊಂದು ಹೇಗೆ ಜೋಡಣೆಯಾಗುತ್ತವೆ, ಆ ಜೋಡಣೆಯಲ್ಲಿ ತಪ್ಪುಗಳು ಹೇಗೆ ನುಸುಳುತ್ತವೆ ಎಂಬುದನ್ನು ದಶಕಗಳ ಕಾಲ ಬಿಡಿಸಿ ನೋಡಿದರು. ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಮೈಕೆಲ್ ರಾಜಮತಿ ಪದರ ಘನಗಳನ್ನು ಹಾಳೆಗಳಾಗಿ ಬಿಡಿಸುವ ರಸಾಯನವನ್ನು ಬೆಳೆಸಿದರು. ದೊಡ್ಡ ಯಂತ್ರಗಳ ಸಂಸ್ಥೆಗಳಲ್ಲದೆ ಪದವಿ ಕಾಲೇಜಿನ ಪ್ರಯೋಗಾಲಯದಿಂದಲೂ ಈ ಮಟ್ಟದ ಕೆಲಸ ಬಂದದ್ದು ಗಮನಿಸಬೇಕಾದ ಸಂಗತಿ. ಮೈಸೂರು, ಹುಣಸೂರಿನ ಕಾಲೇಜುಗಳ ರಸಾಯನಶಾಸ್ತ್ರ ಅಧ್ಯಾಪಕರಿಗೆ ಇದು ದೂರದ ಮಾತಾಗಬೇಕಿಲ್ಲ. ಜೋಡಿ ಹೈಡ್ರಾಕ್ಸೈಡು ತಯಾರಿಸಲು ಬೇಕಾದ್ದು ಎರಡು ಲವಣ, ಕ್ಷಾರ ಮತ್ತು ತಾಳ್ಮೆ.

ಉಳಿದವುಗಳ ಬಗ್ಗೆ ಹೇಳುವುದು ಕಡಿಮೆ. ಕಪ್ಪು ರಂಜಕ ದೇಹದಲ್ಲಿ ಫಾಸ್ಫೇಟಾಗಿ ಕರಗಿ ಮೂಳೆಗೆ ಒದಗುತ್ತದೆಂಬುದು ಆಕರ್ಷಕ, ಆದರೆ ಗಾಳಿ ಮತ್ತು ತೇವಕ್ಕೆ ಸಿಕ್ಕರೆ ಅದು ತಾಳುವುದಿಲ್ಲ. ಲೋಹದ ಕಾರ್ಬೈಡಿನ ಹಾಳೆಗಳಾದ ಎಂಕ್ಸೀನುಗಳನ್ನು 2011ರಲ್ಲಿ ಫಿಲಡೆಲ್ಫಿಯದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದಲ್ಲಿ ಮೊದಲು ತಯಾರಿಸಿದರು. ವಿದ್ಯುತ್ತು ಚೆನ್ನಾಗಿ ಹರಿಯುವುದರಿಂದ ನರ ಮತ್ತು ಹೃದಯದ ಹಂದರಗಳಿಗೆ ಪ್ರಯೋಗ ನಡೆದಿದೆ. ಮಾಲಿಬ್ಡಿನಂ ಡೈಸಲ್ಫೈಡಿನ ಹಾಳೆಯ ಕೊರತೆಗಳನ್ನೇ ಬಳಸಿಕೊಂಡು ಪಾಲಿಮರ್ ಎಳೆಗಳನ್ನು ಹೆಣೆಯುವ ಉಪಾಯವಿದೆ. ಇವೆಲ್ಲ ಬಾಲ್ಯಾವಸ್ಥೆಯಲ್ಲಿವೆ.

ರೇಷ್ಮೆಯ ನಂಟು

ಹಂದರದ ಪಾಲಿಮರು ಕಾರ್ಖಾನೆಯಿಂದಲೇ ಬರಬೇಕೆಂದಿಲ್ಲ. ಮೈಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ಮಾನಂದವಾಡಿ ರಸ್ತೆಯಲ್ಲಿ, ಶ್ರೀರಾಂಪುರದ ಬಳಿ, ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ. 1961ರಲ್ಲಿ ಆರಂಭವಾದ ಇದು ಸಿಎಸ್‌ಆರ್2, ಸಿಎಸ್‌ಆರ್4 ಎಂಬ ರೇಷ್ಮೆಹುಳುವಿನ ದ್ವಿತಳಿಗಳನ್ನು ರೈತರಿಗೆ ಕೊಟ್ಟ ಸಂಸ್ಥೆ. ಗೂಡಿನ ನೂಲಿನಲ್ಲಿ ಮುಕ್ಕಾಲು ಪಾಲು ಫೈಬ್ರಾಯಿನ್ ಎಂಬ ಪ್ರೋಟೀನು, ಉಳಿದದ್ದು ಬಹುಪಾಲು ಸೆರಿಸಿನ್ ಎಂಬ ಅಂಟು. ಸೋಡಾದಲ್ಲಿ ಕುದಿಸಿ ಅಂಟು ತೆಗೆದು, ಉಳಿದ ಫೈಬ್ರಾಯಿನನ್ನು ಲಿಥಿಯಂ ಬ್ರೋಮೈಡಿನಲ್ಲಿ ಕರಗಿಸಿ, ಹೆಪ್ಪುಗಟ್ಟಿಸಿ ಒಣಗಿಸಿದರೆ ಸ್ಪಂಜಿನಂಥ ಹಂದರ ಸಿದ್ಧ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದ ಡೇವಿಡ್ ಕಪ್ಲನ್ ಈ ವಿದ್ಯೆಯ ದೊಡ್ಡ ಹೆಸರು. ಗುವಾಹಟಿಯ ಐಐಟಿಯಲ್ಲಿ ಬಿಮನ್ ಮಂಡಲ್ ಅವರ ತಂಡ ದೇಶದ ರೇಷ್ಮೆಗಳನ್ನು ಬಳಸಿ ಕೆಲಸ ಮಾಡಿದೆ. ಬೆಂಗಳೂರಿನ ಫೈಬ್ರೊಹೀಲ್ ಎಂಬ ಕಂಪನಿ ರೇಷ್ಮೆ ಪ್ರೋಟೀನಿನ ಗಾಯದ ಪಟ್ಟಿಗಳನ್ನು ಮಾರುಕಟ್ಟೆಗೆ ತಂದಿದೆ.

ರೇಷ್ಮೆಗೂ ಪದರ ವಸ್ತುಗಳಿಗೂ ಒಳ್ಳೆಯ ಹೊಂದಾಣಿಕೆ. ಫೈಬ್ರಾಯಿನ್ ಅಣುವಿನಲ್ಲಿ ನೀರನ್ನು ದೂರವಿಡುವ ಭಾಗಗಳೂ ಬಯಸುವ ಭಾಗಗಳೂ ಸರದಿಯಂತೆ ಬರುತ್ತವೆ. ಗ್ರಾಫೀನ್ ಆಕ್ಸೈಡಿನ ಹಾಳೆಯೂ ಹಾಗೆಯೇ ತೇಪೆ ತೇಪೆ. ಎರಡನ್ನೂ ಪದರ ಪದರವಾಗಿ ಕೂರಿಸಿ ಅತ್ಯಂತ ಗಟ್ಟಿಯಾದ ತೆಳುಪೊರೆಗಳನ್ನು ಅಟ್ಲಾಂಟದ ಜಾರ್ಜಿಯ ಟೆಕ್‌ನಲ್ಲಿ 2013ರ ಹೊತ್ತಿಗೆ ಮಾಡಿದ್ದರು. ಲ್ಯಾಪೊನೈಟ್ ಬೆರೆಸಿದ ರೇಷ್ಮೆ ಹಂದರಗಳೂ ಮೂಳೆಗಾಗಿ ಪರೀಕ್ಷೆಗೊಳಗಾಗಿವೆ. ನೂಲು ಬಿಚ್ಚಾಣಿಕೆಗೆ ಬಾರದ ತೂತು ಗೂಡು ಕೂಡ ಕರಗಿಸುವ ಕೆಲಸಕ್ಕೆ ಬಂದೀತು. ಮೈಸೂರು ಸೀಮೆಗೆ ಈ ಕ್ಷೇತ್ರದಲ್ಲಿ ಸ್ವಂತದ ದಾರಿಯೊಂದು ಇರುವುದಾದರೆ ಅದು ಗ್ರಾಫೀನಿಗಿಂತ ರೇಷ್ಮೆ ಮತ್ತು ಜೇಡಿಯ ಕೂಡಿಕೆಯಲ್ಲಿದೆ.

ಅಪಾಯ ಮತ್ತು ಕಾನೂನು

ದೇಹದೊಳಗೆ ಬಿಟ್ಟ ಹಾಳೆ ಕೊನೆಗೆ ಎಲ್ಲಿಗೆ ಹೋಗುತ್ತದೆ? ಹಂದರ ಕರಗಿದಂತೆ ಒಳಗಿನ ಗ್ರಾಫೀನ್ ಹೊರಬರುತ್ತದೆ. ಸಣ್ಣ ಹಾಳೆಗಳು ಮೂತ್ರಪಿಂಡದ ಮೂಲಕ ಹೋಗಬಲ್ಲವು, ದೊಡ್ಡವು ಯಕೃತ್ತು, ಗುಲ್ಮ, ಶ್ವಾಸಕೋಶಗಳಲ್ಲಿ ನಿಲ್ಲಬಲ್ಲವು. ಚೂಪಾದ ಅಂಚು ಕೋಶಪೊರೆಯನ್ನು ಸೀಳೀತು. ಬ್ಯಾಕ್ಟೀರಿಯವನ್ನು ಕೊಲ್ಲುವ ಗುಣವೇ ನಮ್ಮ ಕೋಶಕ್ಕೂ ತಿರುಗೀತು. ಗಾತ್ರ, ಪ್ರಮಾಣ, ಶುದ್ಧತೆ, ಅಂಟಿದ ರಾಸಾಯನಿಕ ಗುಂಪು ಇವುಗಳಲ್ಲಿ ಯಾವುದು ಬದಲಾದರೂ ಉತ್ತರ ಬದಲಾಗುತ್ತದೆ. ಸಮಾಧಾನದ ಸಂಗತಿಗಳೂ ಇವೆ. ನಮ್ಮ ಬಿಳಿ ರಕ್ತಕಣಗಳಲ್ಲಿರುವ ಮೈಲೊಪೆರಾಕ್ಸಿಡೇಸ್ ಎಂಬ ಕಿಣ್ವ, ನೀರಿನಲ್ಲಿ ಚೆನ್ನಾಗಿ ಬಿಡಿಸಿಕೊಂಡ ಗ್ರಾಫೀನ್ ಆಕ್ಸೈಡನ್ನು ಕತ್ತರಿಸಬಲ್ಲದೆಂದು ಸ್ಟ್ರಾಸ್‌ಬರ್ಗಿನ ಸಂಶೋಧಕರು 2015ರಲ್ಲಿ ತೋರಿಸಿದರು. 2024ರಲ್ಲಿ ಪ್ರಕಟವಾದ ಎಡಿನ್‌ಬರೊದ ಪ್ರಯೋಗದಲ್ಲಿ 14 ಸ್ವಯಂಸೇವಕರು ಅತಿ ಶುದ್ಧ ಗ್ರಾಫೀನ್ ಆಕ್ಸೈಡನ್ನು ಉಸಿರಿನಲ್ಲಿ ತೆಗೆದುಕೊಂಡರು, ತಕ್ಷಣದ ಕೆಡುಕು ಕಾಣಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ರೋಗಿಯೊಬ್ಬರ ಮಿದುಳಿನ ಮೇಲೆ ಗ್ರಾಫೀನಿನ ವಿದ್ಯುದ್ವಾರವನ್ನು ಮೊದಲ ಬಾರಿ ಇಟ್ಟು ನೋಡಿದರು. ಆದರೆ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ತೆಗೆದುಬಿಡುವ ಸಾಧನ ಬೇರೆ, ವರ್ಷಗಟ್ಟಲೆ ಒಳಗೇ ಕರಗುವ ಹಂದರ ಬೇರೆ.

ಭಾರತದಲ್ಲಿ ನ್ಯಾನೊ ಔಷಧಗಳ ಮೌಲ್ಯಮಾಪನಕ್ಕೆ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಮಾರ್ಗಸೂಚಿ ಹೊರತಂದಿತು. ಕೋಶಗಳಿಲ್ಲದ ಹಂದರ 2017ರ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಆಕರಕೋಶಗಳಿಂದ ತಯಾರಾದ ಉತ್ಪನ್ನವಾದರೆ ಅದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಹೊಸ ಔಷಧ. ಹಂದರದಲ್ಲಿ ನ್ಯಾನೊವಸ್ತು, ಅದರ ಮೇಲೆ ಜೀವಂತ ಕೋಶ ಎಂದಾಗ ಎರಡು ದಾರಿಗಳ ಸುಂಕವನ್ನೂ ಕಟ್ಟಬೇಕಾಗುತ್ತದೆ. ಕೋಶವಿಲ್ಲದ, ದೇಹದ ಕೋಶಗಳನ್ನೇ ಒಳಗೆ ಕರೆಸಿಕೊಳ್ಳುವ ಹಂದರಗಳತ್ತ ಸಂಶೋಧಕರು ವಾಲಿರುವುದಕ್ಕೆ ವಿಜ್ಞಾನದಷ್ಟೇ ಇದೂ ಕಾರಣ.

ಇಂದಿನ ಸ್ಥಿತಿ

ಅಪಘಾತದಲ್ಲಿ ಮೂಳೆಯ ತುಂಡೇ ಕಳೆದುಕೊಂಡವರಿಗೆ ಇಂದಿಗೂ ಉತ್ತಮವೆಂದು ಶಸ್ತ್ರವೈದ್ಯರು ನಂಬುವುದು ರೋಗಿಯ ಸೊಂಟದ ಮೂಳೆಯಿಂದ ಕೆತ್ತಿ ತೆಗೆದ ತುಣುಕನ್ನೇ. ಅದು ಸಿಗುವ ಪ್ರಮಾಣ ಕಡಿಮೆ, ತೆಗೆದ ಜಾಗದ ನೋವು ಬಹುದಿನ ಉಳಿಯುತ್ತದೆ. ಸಾಲದಾದಾಗ ದಾನಿಯ ಮೂಳೆ ಅಥವಾ ಹೈಡ್ರಾಕ್ಸಿಅಪಟೈಟಿನ ಹರಳುಗಳನ್ನು ತುಂಬುತ್ತಾರೆ. ಗ್ರಾಫೀನ್ ಸೇರಿದ ಮೂಳೆ ಹಂದರ ಸಾಮಾನ್ಯ ಚಿಕಿತ್ಸೆಯಾಗಿ ಆಸ್ಪತ್ರೆಗಳಲ್ಲಿ ದೊರೆಯುವುದಿಲ್ಲ. ಹಾಗೆ ಹೇಳಿ ಹಣ ಕೇಳುವವರು ಸಿಕ್ಕರೆ ನಂಬಬಾರದು.

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಗಳು ಹೊಗೆಸೊಪ್ಪಿನ ಸೀಮೆಯಾದ್ದರಿಂದ ಮೂಳೆಯ ಬಗ್ಗೆ ಇನ್ನೊಂದು ಮಾತು. ಧೂಮಪಾನಿಗಳಲ್ಲಿ ಮುರಿದ ಮೂಳೆ ಕೂಡುವುದು ತಡವಾಗುತ್ತದೆ, ಕೆಲವರಲ್ಲಿ ಕೂಡುವುದೇ ಇಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುವುದು ಅದಕ್ಕೊಂದು ಕಾರಣ. ರಕ್ತನಾಳ ಬಾರದ ಕಡೆ ಯಾವ ಹಂದರವೂ ಮೂಳೆ ಬೆಳೆಸಲಾರದು. ಮೂಳೆ ಮುರಿದವರು ಅದು ಕೂಡುವವರೆಗಾದರೂ ಬೀಡಿ, ಸಿಗರೇಟು ಬಿಡಬೇಕು.